ಗೊತ್ತಿಲ್ಲ ಅಂದ ಬ್ಯಾಟರಿ ವೆಂಕಟರಾಯಪ್ಪ

ಕ್ಯಾಲನೂರಿನ ಸುತ್ತಮುತ್ತ ಐವತ್ತು ದಾಟಿದ ಯಾರನ್ನಾದರೂ ಕೇಳಿ, ಬ್ಯಾಟರಿ ವೆಂಕಟರಾಯಪ್ಪನ ಅಂಗಡಿ ಎಲ್ಲಿತ್ತೆಂದು ಕೈ ತೋರಿಸುತ್ತಾರೆ. ಊರಿಗೆಲ್ಲ ನಾಲ್ಕೇ ಟಿ.ವಿ. ಇದ್ದ ಕಾಲ ಅದು. ಭಾನುವಾರ ಬೆಳಗ್ಗೆ ಧಾರಾವಾಹಿ ಶುರುವಾಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಗುತ್ತಿತ್ತು. ಅದಕ್ಕೆ ಟಿ.ವಿ. ಓಡಿಸಲು ಸುತ್ತಲ ಹಳ್ಳಿಗಳ ಜನವೂ ಶನಿವಾರವೇ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ, ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಲ್ಲಿ ಕಟ್ಟಿಕೊಂಡು ಅವನ ಅಂಗಡಿಗೆ ತರುತ್ತಿದ್ದರು. ಹತ್ತು ಹದಿನೈದು ಬ್ಯಾಟರಿ ಸಾಲಾಗಿ ಕೂತು ಚಾರ್ಜ್ ಕುಡಿಯುತ್ತಿದ್ದವು. ಮೀಟರ್ ನೋಡುವವರು ನೋಡಿಕೊಳ್ಳಲಿ, ವೆಂಕಟರಾಯಪ್ಪ ಮಾತ್ರ ಕಿವಿ ಇಡುತ್ತಿದ್ದ. ಒಳಗೆ ನೀರು ಅನ್ನದೆಸರಿನ ಹಾಗೆ ಗುಳುಗುಳು ಅಂದರೆ ಬ್ಯಾಟರಿ ತುಂಬಿತು ಎಂದು ಲೆಕ್ಕ. ಆ ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ.

ಅವನ ಅಂಗಿಗಳಿಗೆಲ್ಲ ಆ್ಯಸಿಡ್ ಸಿಡಿದು ತೂತು. "ಬೇರೆಯೋರ ಮನೇಲಿ ಬಟ್ಟೆ ಒಗೀತಾರೆ, ನಾನು ಜರಡಿ ಒಗೀತೀನಿ" ಎಂದು ಹೆಂಡತಿ ರಾಮಲಕ್ಷ್ಮಮ್ಮ ಬಾವಿಕಟ್ಟೆಯಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಆಗ ಅವಳ ನಗು ಮೂರು ಬೀದಿಗೆ ಕೇಳುತ್ತಿತ್ತು.

ಈಗ ಆ ನಗುವಿಗೆ ಉಸಿರು ಸಾಲದು. ಮೂವತ್ತು ವರ್ಷ ಅವಳು ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ, ಗೂಡು ಬೇಯಿಸುವ ಒಲೆಯ ಮುಂದೆ ದುಡಿದಳು. ಆ ಶೆಡ್ಡಿಗೆ ಒಂದು ಹೊಗೆಗೂಡು ಕಟ್ಟಿಸಿ ಎಂದು ಹೆಂಗಸರು ಕೇಳಿದಾಗಲೆಲ್ಲ ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು. ಮೂವತ್ತು ಮುಂದಿನ ವರ್ಷಗಳು ಹಾಗೇ ಕಳೆದವು. ಅವಳು ಬಿಚ್ಚಿದ ರೇಷ್ಮೆ ಯಾರ ಮದುವೆಯಲ್ಲಿ ಮಿನುಗಿತೋ, ಹೊಗೆಯಂತೂ ಅವಳ ಶ್ವಾಸಕೋಶದಲ್ಲೇ ಉಳಿಯಿತು. ಡಾಕ್ಟರು ಮನೆಯಲ್ಲೇ ಆಕ್ಸಿಜನ್ ಮೆಷಿನ್ ಇಟ್ಟುಕೊಳ್ಳಿ ಎಂದರು. ಮೂಗಿಗೆ ಸಣ್ಣ ನಳಿಕೆ, ಪಕ್ಕದಲ್ಲಿ ಗುರ್ ಎನ್ನುವ ಪೆಟ್ಟಿಗೆ. ನಳಿಕೆ ತೆಗೆದು ಹತ್ತು ನಿಮಿಷ ಕಳೆದರೆ ಅವಳ ತುಟಿ ನೀಲಿಗೆ ತಿರುಗುತ್ತದೆ.

ಕರೆಂಟು ಹೋದರೆ ಎಂದು ಮೆಷಿನ್ನಿನ ಜೊತೆ ಇಟ್ಟಿಗೆಯಷ್ಟು ದಪ್ಪದ ಒಂದು ಬ್ಯಾಟರಿ ಬಂದಿತ್ತು, ಅದಕ್ಕೊಂದು ಚಾರ್ಜರ್. ಒಂದು ಪುಸ್ತಕವೂ ಬಂದಿತ್ತು. ಹನ್ನೊಂದು ಭಾಷೆಗಳಲ್ಲಿ ಅಚ್ಚಾದ ಪುಸ್ತಕ. ಕಂಡು ಕೇಳರಿಯದ ದೇಶಗಳ ಭಾಷೆಗಳೆಲ್ಲ ಇದ್ದವು, ಕನ್ನಡ ಇರಲಿಲ್ಲ, ವೆಂಕಟರಾಯಪ್ಪನ ಮನೆಮಾತಾದ ತೆಲುಗೂ ಇರಲಿಲ್ಲ. ಮೆಷಿನ್ ತಂದಿಟ್ಟವನು ಸಹಿ ಹಾಕಿಸಿಕೊಂಡು, ಫೋಟೊ ಹೊಡೆದುಕೊಂಡು ಹೋದ. ಒಬ್ಬರ ಉಸಿರನ್ನು ಒಂದು ಪೆಟ್ಟಿಗೆಗೆ ಒಪ್ಪಿಸುವಾಗ ಹತ್ತು ನಿಮಿಷ ಕೂತು ಹೇಳುವ ತಾಳ್ಮೆ ಯಾರಿಗೂ ಇಲ್ಲ. ಸಹಿಗೆ ಇರುವ ಬೆಲೆ ಮಾತಿಗಿಲ್ಲ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಸಿಡಿಲು ಹೊಡೆದು ಆ ಚಾರ್ಜರ್ ಸತ್ತಿತು. ಮೆಷಿನ್ ಕಂಪನಿಗೆ ಫೋನ್ ಮಾಡಿದರೆ, ದೂರು ದಾಖಲಾಗಿದೆ, ನಾಲ್ಕು ದಿನ ಎಂದರು. ಅಷ್ಟರಲ್ಲಿ ಊರಿನ ವಾಟ್ಸಾಪಿನಲ್ಲಿ ಲೈನ್‌ಮನ್ ಸಂದೇಶ ಹಾಕಿದ: ಕಂಬ ಬದಲಿಸುವ ಕೆಲಸ, ನಾಳೆ ಹತ್ತರಿಂದ ನಾಲ್ಕರವರೆಗೆ ಕರೆಂಟಿಲ್ಲ. ಬ್ಯಾಟರಿಯಲ್ಲಿ ಉಳಿದಿದ್ದು ಒಂದೇ ಗೀಟು ಚಾರ್ಜು.

ಪಕ್ಕದ ಮನೆಯ ಮುನಿಕೃಷ್ಣಪ್ಪ ಬಂದು ಕೂತ. "ಏಮಿ ಬಾವಾ, ಊರಿಗೆಲ್ಲ ಚಾರ್ಜ್ ಮಾಡ್ಕೊಟ್ಟೋನು ನೀನು. ಈ ಮಕ್ಕಳಾಟದ ಡಬ್ಬಿಗೆ ಯೋಚ್ನೆ ಮಾಡ್ತೀಯಲ್ಲ."

ಆ ಮಾತು ವೆಂಕಟರಾಯಪ್ಪನಿಗೆ ನಾಟಿತು. ಎಷ್ಟೋ ವರ್ಷದ ಮೇಲೆ ಅವನನ್ನು ಒಬ್ಬರು ಕೆಲಸ ಬಲ್ಲವನು ಎಂದು ಕರೆದಿದ್ದರು. ಅಟ್ಟದಿಂದ ಅಂಗಡಿ ಕಾಲದ ಹಳೆಯ ಚಾರ್ಜರ್ ಇಳಿಸಿದ. ಧೂಳು ಒರೆಸಿ ಸ್ವಿಚ್ ಒತ್ತಿದಾಗ ಅದು ಹಳೆಯ ದನಿಯಲ್ಲೇ ಹೂಂಗುಟ್ಟಿತು. ಅವನ ಎದೆಯೂ ಹೂಂಗುಟ್ಟಿತು. ಅಡುಗೆಮನೆಯ ಸಿಮೆಂಟು ನೆಲದ ಮೇಲೆ ಮೆಷಿನ್ನಿನ ಬ್ಯಾಟರಿ ಇಟ್ಟು, ಅದರ ಕಿಂಡಿಗಳಿಗೆ ತಾಮ್ರದ ತಂತಿ ಸಿಕ್ಕಿಸಿ, ಕಿವಿ ಇಟ್ಟು ಕೂತ.

ಬ್ಯಾಟರಿ ಏನೂ ಅನ್ನಲಿಲ್ಲ. ಅರ್ಧ ಗಂಟೆ ಕಾದ. ಇನ್ನೂ ಕುದಿ ಬಂದಿಲ್ಲ, ತುಂಬಿಲ್ಲ ಎಂದುಕೊಂಡ. ಸೀಸದ ಬ್ಯಾಟರಿಯ ಭಾಷೆ ಬಲ್ಲವನು ಒಳಗೆ ನೀರೇ ಇಲ್ಲದ ಈ ಲಿಥಿಯಂ ಬ್ಯಾಟರಿಯೂ ಅದೇ ಭಾಷೆ ಆಡೀತೆಂದು ಕಾಯುತ್ತಿದ್ದ. ಅಂಗೈ ಇಟ್ಟಾಗ ಒಂದು ಮೂಲೆ ಕಾದ ಹೆಂಚಾಗಿತ್ತು, ಉಳಿದದ್ದು ತಣ್ಣಗಿತ್ತು. ಮುಚ್ಚಳದ ಅಂಚು ಮೇಲೆದ್ದಿತ್ತು. ಉಗುರುಬಣ್ಣದಂಥ ಸಿಹಿ ವಾಸನೆ. ಬೆನ್ನ ಹಿಂದೆ ಗ್ಯಾಸ್ ಸಿಲಿಂಡರ್, ಗೋಡೆಯಾಚೆ ನಳಿಕೆ ಹಾಕಿಕೊಂಡು ಮಲಗಿದ ಹೆಂಡತಿ.

ಮೇನ್ ಸ್ವಿಚ್ ಇಳಿಸಿದ. ಸಲಿಕೆಯಲ್ಲಿ ಬ್ಯಾಟರಿಯನ್ನು ಎತ್ತಿ ಹಿತ್ತಲ ಮರಳುಗುಡ್ಡೆಯ ಮೇಲೆ ಹಾಕಿ ಹಿಂದೆ ಸರಿದ. ಅದು ಸ್ವಲ್ಪ ಹೊಗೆ ಬಿಟ್ಟು, ಚಿಟಿಚಿಟಿ ಎಂದು ಸುಮ್ಮನಾಯಿತು. ಓಡಿಬಂದು ಮೇನ್ ಎತ್ತಿದಾಗ ರಾಮಲಕ್ಷ್ಮಮ್ಮ ಎದ್ದು ಕೂತಿದ್ದಳು.

"ಕರೆಂಟ್ ಹೋಯ್ತಾ?"

"ನಾನೇ ತೆಗ್ದೆ." ಅವನು ಹೊಸಿಲ ಮೇಲೆ ಕೂತ. "ಬ್ಯಾಟರಿ ಹಾಳು ಮಾಡ್ಬಿಟ್ಟೆ ಕಣೇ. ನಂಗೆ ಗೊತ್ತಿಲ್ಲದ ಕೆಲಸ ಅದು. ಗೊತ್ತು ಅನ್ಕೊಂಡೆ."

ಅವಳು ಎರಡು ಉಸಿರು ಎಳೆದುಕೊಂಡು ಹೇಳಿದಳು: "ನಲವತ್ತು ವರ್ಷಕ್ಕೆ ಈ ಮಾತು ಇವತ್ತು ಬಂತಲ್ಲಯ್ಯ ನಿನ್ನ ಬಾಯಲ್ಲಿ. ನಾಳೆ ಕತೆ ಏನು?"

ನಾಳೆಗೆ ಡೇರಿ ಇತ್ತು. ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕಿಗಾಗಿ ಅಲ್ಲಿ ಜನರೇಟರ್ ಇಟ್ಟಿದ್ದಾರೆ. ಹಾಲು ಒಂದು ಗಳಿಗೆ ಕೆಡಬಾರದು, ಅದಕ್ಕೆ ಸರಿಯಾದ ಏರ್ಪಾಡಿದೆ. ಮನುಷ್ಯರು ಕೆಡಬಾರದೆಂದು ಯಾವ ಊರಲ್ಲೂ ಅಂಥ ಏರ್ಪಾಡಿಲ್ಲ. ಡೇರಿಯ ಕಾರ್ಯದರ್ಶಿ ಶೋಭಾರಾಣಿ ವಿಷಯ ಕೇಳಿದವಳೇ, "ಕರ್ಕೊಂಡು ಬನ್ನಿ ಮಾವ, ಇದೇನು ಕೇಳೋ ಮಾತಾ" ಎಂದಳು.

ಬೆಳಗ್ಗೆ ಒಂಬತ್ತೂವರೆಗೆ ಆಟೊದಲ್ಲಿ ಮೆಷಿನ್ ಸಮೇತ ಐದೇ ನಿಮಿಷದಲ್ಲಿ ಎರಡು ಬೀದಿ ದಾಟಿ, ಹಾಲು ಅಳೆಯುವ ಕೋಣೆಯಲ್ಲಿ ರಾಮಲಕ್ಷ್ಮಮ್ಮನನ್ನು ಕುರ್ಚಿ ಹಾಕಿ ಕೂರಿಸಿದರು. ಹತ್ತಕ್ಕೆ ಕರೆಂಟು ಹೋಯಿತು. ಹೊರಗೆ ಜನರೇಟರ್ ಎದ್ದಿತು, ಮೆಷಿನ್ ಮತ್ತೆ ಗುರ್ ಎಂದಿತು. ಬೀಡಿ ಕಚ್ಚಿಕೊಂಡು ಒಳಗೆ ಬಂದ ಮುನಿಕೃಷ್ಣಪ್ಪನನ್ನು ಶೋಭಾರಾಣಿ ಬಾಗಿಲಲ್ಲೇ ತಡೆದಳು. "ಆಕ್ಸಿಜನ್ ಐತೆ ಮಾವ, ಬೀಡಿ ಜೊತೆ ನೀವೂ ಹೊತ್ಕೋತೀರ. ಆಚೆ ನಡೀರಿ." ಅವನು ಬೀಡಿ ಆರಿಸಿಬಂದು ಮೂಲೆಯಲ್ಲಿ ಕೂತ. ನಿನ್ನೆಯ ಮಾತಿಗೆ ಅವನಿಗೂ ಮುಖ ಸಣ್ಣದಾಗಿತ್ತು.

ಸುದ್ದಿ ಕೇಳಿ ಹೆಂಗಸರು ಒಬ್ಬೊಬ್ಬರೇ ಬಂದರು. ಶೆಡ್ಡಿನಲ್ಲಿ ಅವಳ ಜೊತೆ ದುಡಿದ ಭಾರತಮ್ಮ, "ನಿನ್ ಗಂಡ ಒಂದ್ ಭಾನುವಾರ ನಮ್ ಟ್ರ್ಯಾಕ್ಟರ್ ಬ್ಯಾಟರೀನ ಗೌಡರ ಮನೆಗೆ ಕೊಟ್ಬಿಟ್ಟಿದ್ದ, ಜ್ಞಾಪಕ ಐತಾ? ನಾವು ಕತ್ಲೆ ಟಿ.ವಿ. ಪೆಟ್ಟಿಗೆ ನೋಡ್ಕೊಂಡು ಕೂತಿದ್ವಿ" ಎಂದಳು. ರಾಮಲಕ್ಷ್ಮಮ್ಮ ನಕ್ಕಳು. ಮೂರು ಬೀದಿಗೆ ಕೇಳುವ ನಗುವಲ್ಲ, ಆ ಕೋಣೆಗೆ ಸಾಕಾಗುವಷ್ಟು. ಕರೆಂಟು ನಾಲ್ಕಕ್ಕೆ ಬರಲಿಲ್ಲ, ಐದೂ ಮುಕ್ಕಾಲಿಗೆ ಬಂತು. ಅಷ್ಟು ಹೊತ್ತೂ ವೆಂಕಟರಾಯಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ.

ಐದನೆಯ ದಿನ ಕಂಪನಿಯ ಹುಡುಗ ಮುರಳಿಮೋಹನ್ ಬಂದ. ಹಿತ್ತಲಲ್ಲಿ ಉಬ್ಬಿದ ಬ್ಯಾಟರಿ ನೋಡಿ, "ಇದು ಹೆಂಗಾಯ್ತು ಸರ್?" ಎಂದ.

ಮುನಿಕೃಷ್ಣಪ್ಪ ಮೆಲ್ಲಗೆ, "ಸಿಡಿಲು ಅಂತ ಚೆಪ್ಪು ಬಾವಾ" ಎಂದು ಹೇಳಿಕೊಟ್ಟ.

"ಸಿಡಿಲು ಚಾರ್ಜರಿಗೆ ಹೊಡೀತು. ಬ್ಯಾಟರಿಗೆ ಹೊಡೆದೋನು ನಾನು" ಎಂದ ವೆಂಕಟರಾಯಪ್ಪ. "ನಮ್ ಮನೆ ಬಚಾವಾಯ್ತು. ಇನ್ನೊಂದ್ ಮನೇಲಿ ಇನ್ನೊಬ್ಬ ಇದೇ ಮಾಡ್ತಾನೆ. ಕೂತ್ಕೊಂಡು ಹೇಳಪ್ಪ, ನಮ್ ಮಾತಲ್ಲಿ ಹೇಳು."

ಹುಡುಗ ಕೂತ. ಇದರ ಚಾರ್ಜರ್ ಬಿಟ್ಟು ಬೇರೆ ಯಾವುದನ್ನೂ ಹಾಕಬಾರದು, ಚಾರ್ಜರ್ ಸತ್ತರೆ ಬ್ಯಾಟರಿಯನ್ನು ಸುಮ್ಮನೆ ಬಿಡಬೇಕು ಎಂದ. ಹಾಸಿಗೆ, ಬಟ್ಟೆಯ ಮೇಲೆ ಬೇಡ, ಗಾಳಿಯಾಡುವ ಬರಿನೆಲದಲ್ಲಿ ಇಟ್ಟು ಚಾರ್ಜ್ ಮಾಡಬೇಕು, ಒಲೆಯಿಂದ ದೂರ, ಜನ ಎಚ್ಚರವಿದ್ದಾಗ ಮಾತ್ರ. ಬಿಸಿ, ಉಬ್ಬು, ವಾಸನೆ ಯಾವುದು ಕಂಡರೂ ಕರೆಂಟು ತೆಗೆದು ದೂರ ಹೋಗಬೇಕು, ಸಲಿಕೆ ಹಿಡಿಯುವ ಧೈರ್ಯವೂ ಬೇಡ. ಆಕ್ಸಿಜನ್ ಸಿಲಿಂಡರ್ ಒಂದು ಮನೇಲಿ ಇರಲಿ, ವಿದ್ಯುತ್ ಕಚೇರಿಗೆ ನಮ್ಮನೇಲಿ ಇಂಥ ಮೆಷಿನ್ ಇದೆ ಅಂತ ಬರೆದುಕೊಡಿ ಎಂದ. ವೆಂಕಟರಾಯಪ್ಪ ಒಂದೊಂದನ್ನೂ ಎರಡು ಸಲ ಕೇಳಿದ. ಎಪ್ಪತ್ತು ವರ್ಷದ ಮನುಷ್ಯ ಮೊಮ್ಮಗನ ವಯಸ್ಸಿನವನ ಮುಂದೆ ಕಾಲು ಮಡಿಸಿ ಕೂತಿದ್ದ.

"ಇಷ್ಟು ಹೇಳೋಕೆ ಎಷ್ಟು ಹೊತ್ತಾಯ್ತು?" ಎಂದು ಕೊನೆಗೆ ಕೇಳಿದ.

ಮುರಳಿಮೋಹನ್ ಗಡಿಯಾರ ನೋಡಿದ. "ಹತ್ತು ನಿಮಿಷ."

"ಮೊದಲ್ನೇ ದಿನ ಆ ಹತ್ತು ನಿಮಿಷ ಎಲ್ಲಿತ್ತಪ್ಪ?"

ಹುಡುಗನಿಗೂ ಯಾರೂ ಆ ಹತ್ತು ನಿಮಿಷ ಕೊಟ್ಟಿರಲಿಲ್ಲ. ದಿನಕ್ಕೆ ಹದಿನಾಲ್ಕು ಮನೆ ಸುತ್ತಬೇಕಂತೆ.

ಹೊಸ ಬ್ಯಾಟರಿ, ಚಾರ್ಜರ್ ಬಂದ ಮರುವಾರ, ಬುಧವಾರ ಹನ್ನೊಂದಕ್ಕೆ, ಯಾವ ಸಂದೇಶವೂ ಇಲ್ಲದೆ ಕರೆಂಟು ಹೋಯಿತು. ಫ್ಯಾನ್ ನಿಂತಿತು. ವೆಂಕಟರಾಯಪ್ಪ ಕುರ್ಚಿಯಿಂದ ಎದ್ದುಬಿಟ್ಟ. ಮೆಷಿನ್ ಒಮ್ಮೆ ಕೂಗಿ ಬ್ಯಾಟರಿಗೆ ಹೊರಳಿಕೊಂಡು ತನ್ನ ಪಾಡಿಗೆ ತಾನು ನಡೆಯಿತು. ಮೊರದ ತುಂಬ ಅಲಸಂದೆಕಾಯಿ ಹರವಿಕೊಂಡಿದ್ದ ರಾಮಲಕ್ಷ್ಮಮ್ಮ ತಲೆಯನ್ನೂ ಎತ್ತಲಿಲ್ಲ.

"ನಿಂತ್ಕೊಂಡಿದೀಯಲ್ಲ, ಕೂತ್ಕೊಂಡು ನೀನೂ ನಾಕು ಕಾಯಿ ಬಿಡಿಸು" ಎಂದಳು.