ಎಕ್ಸಿಟಾನಿನ ಸಂಸಾರದ ನ್ಯಾಯ

ನನ್ನ ಪಿಎಚ್.ಡಿ. ಮುಗಿಯಲು ಇನ್ನೆರಡು ವರ್ಷ ಬೇಕಿತ್ತು. ರಜೆಗೆ ಕಾಗವಾಡಕ್ಕೆ ಬಂದಾಗ, ಓದಿದ್ದು ಸಾಕು, ಇನ್ನು ಇಲ್ಲೇ ಇರು, ಮದುವೆ ಮಾಡುತ್ತೇವೆ ಎಂದು ಅಪ್ಪ ಹೇಳುತ್ತ ಕೂತರು. ನಾನು ಹಟ ಹಿಡಿದೆ, ಅವರು ನನಗಿಂತ ಜೋರಾಗಿ ಹಿಡಿದರು. ಕಡೆಗೆ ಅವ್ವ ಸದಲಗಾದಿಂದ ತನ್ನ ಅಣ್ಣನನ್ನು ಕರೆಸಿದಳು. ನಮ್ಮ ಮಾಮಾ ಮುರಿದ ಸಂಸಾರ ಕೂಡಿಸುವುದರಲ್ಲಿ ಹೆಸರಾದವರು. ನಿಪ್ಪಾಣಿ, ರಾಯಬಾಗದಿಂದಲೂ ಮುನಿಸಿಕೊಂಡ ಗಂಡ-ಹೆಂಡಿರನ್ನು ಅವರ ಕಟ್ಟೆಗೆ ಕರೆತರುತ್ತಾರೆ. ಜಗತ್ತಿನಲ್ಲಿ ಬೇರೆ ಥರದ ತಂಟೆಯೂ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಅಲ್ಲಿ ನೀ ಏನ ಮಾಡ್ತಿ, ಮೊದಲ ಅದನ್ನ ಹೇಳವಾ," ಅಂದರು.

ಹೇಳಿದೆ. ಅರೆವಾಹಕದ ತೆಳು ಪದರದ ಮೇಲೆ ಲೇಸರ್ ಬೆಳಕಿನ ಒಂದು ತುಣುಕು ಬಿಡುತ್ತೇವೆ. ಅದು ಕ್ಷಣದ ಕೋಟಿ ಪಾಲಿಗಿಂತಲೂ ಬಹಳ ಗಿಡ್ಡ. ಆ ಹೊಡೆತಕ್ಕೆ ಎಲೆಕ್ಟ್ರಾನು ಜಾಗ ಬಿಟ್ಟು ಮೇಲಕ್ಕೆ ಹಾರುತ್ತದೆ, ಅದರ ಜಾಗ ಖಾಲಿ ಬೀಳುತ್ತದೆ. ಆದರೂ ದೂರ ಹೋಗಲಾರದು. ಖಾಲಿ ಜಾಗದ ಸೆಳೆತಕ್ಕೆ ಸಿಕ್ಕು ಅಲ್ಲೇ ಸುತ್ತುತ್ತದೆ. ಈ ಜೋಡಿಗೆ ಎಕ್ಸಿಟಾನ್ ಅನ್ನುತ್ತಾರೆ. ಹಿಂದೆಯೇ ಇನ್ನೊಂದು ತುಣುಕು ಬಿಟ್ಟು, ಜೋಡಿ ಹೇಗಿದೆ ಎಂದು ನೋಡುತ್ತೇವೆ.

ಮಾಮಾ ಎಲೆ-ಅಡಿಕೆ ಚೀಲ ಪಕ್ಕಕ್ಕಿಟ್ಟರು.

"ಮನೀ ಬಿಟ್ಟ ಹೊಂಟಾಕಿ ಯಾರು, ಎಲೆಕ್ಟ್ರಾನ?"

"ಹೌದ್ರಿ."

"ಹೊಡದವರು ಯಾರು?"

"ನಾನ ರೀ ಮಾಮಾ."

"ಹೊಡಿಯಾಕಿನೂ ನೀನ, ಹಿಂದಿಂದ ಹಣಿಕಿ ಹಾಕಿ ನೋಡಾಕಿನೂ ನೀನ?"

ಅವ್ವ ಬಾಯಿಗೆ ಸೆರಗು ಹಿಡಿದಳು. ಅಪ್ಪನ ಮುಖ ಅರಳಿತು. ನನಗೆ ಸಿಟ್ಟು ನೆತ್ತಿಗೇರಿತು.

"ಅವು ತಾವ ಕೂಡ್ತಾವ್ರಿ! ಎಲೆಕ್ಟ್ರಾನ ತಿರುಗಿ ತನ್ನ ಜಾಗಾಕ್ಕ ಬೀಳ್ತೈತಿ, ಬೆಳಕ ಬರ್ತೈತಿ. ಕಣ್ಣ ಮುಚ್ಚಿ ತಗಿಯೂದ್ರಾಗ ಎಲ್ಲಾ ಮುಗೀತೈತಿ."

ಮಾಮಾ ನನ್ನನ್ನು ಕನಿಕರದಿಂದ ನೋಡಿದರು. "ಸುಳ್ಳ. ಮನೀ ಬಿಟ್ಟಾಕಿ ಅಷ್ಟ ಲಗೂನ ತಿರುಗಿ ಬರಾಂಗಿಲ್ಲ. ನಡುವ ಹಿರ್ಯಾರು ಇಲ್ಲದ ಕೂಡೂದಂತೂ ಇಲ್ಲೇ ಇಲ್ಲ. ನೀ ಬರೋಬರಿ ನೋಡಿಲ್ಲ." ತಂಗಿಯ ಗಂಡನಾದ ಅಪ್ಪನ ಕಡೆ ತಿರುಗಿದರು. "ದಾಜಿ, ಹಿಡದ ನ್ಯಾಯ ಅರ್ಧಾಕ್ಕ ಬಿಡಬಾರ್ದು. ಹುಡುಗಿ ಹೋಗ್ಲಿ. ಎರಡ ವರ್ಷ ಕುಂತ ನೆಟ್ಟಗ ನೋಡ್ಲಿ."

ಮಾಮಾನ ಮಾತು ಅಪ್ಪ ಎಂದೂ ಮೀರಿದವರಲ್ಲ. ಮುಖ ಸಣ್ಣದು ಮಾಡಿಕೊಂಡು ತಲೆಯಾಡಿಸಿದರು. ಅಳತೆ ಸರಿಯಾಗಿಯೇ ಇದೆ ಎಂದು ವಾದಿಸಲು ನನ್ನ ನಾಲಗೆ ತುರಿಸುತ್ತಿತ್ತು. ಅವ್ವ ತೊಡೆ ಚಿವುಟಿದಳು.

"ಹೌದ್ರಿ ಮಾಮಾ," ಅಂದೆ, "ನಾ ಬರೋಬರಿ ನೋಡಿಲ್ಲ." ಖುಷಿಯಿಂದ ಚೀಲ ತುಂಬಲು ಎದ್ದೆ.