ಒಂದು ಮೀಟರ್

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಆರು ನಿಮಿಷದಕ್ಕ ಎಂದು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ನಿನ್ನ ಹೆಂಡತಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಗಂಡ, "ಜನರನ್ನ ಈ ಕಡೆಯಿಂದ ಆ ಕಡೆಗೆ ನಡೆಸ್ತಾಳೆ, ಆಮೇಲೆ ಕೂತ್ಕೊಳ್ಳಿ ಅಂತಾಳೆ. ಅದಕ್ಕೆ ಸರ್ಕಾರ ಸಂಬಳ ಕೊಡುತ್ತೆ" ಎನ್ನುತ್ತಿದ್ದ. ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಮಹಾರಾಯನ ದೃಷ್ಟಿಯಲ್ಲಿ ಬಿಚ್ಚಿ ಜೋಡಿಸಲು ಒಂದು ಸ್ಕ್ರೂ ಕೂಡ ಇಲ್ಲದ ಕೆಲಸ ಕೆಲಸವೇ ಅಲ್ಲ.

ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಲ್ಲಿನ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾದ ನಲವತ್ತು ಜನರಿಗೆ ಒಂದು ಹೊಸ ಮಾತ್ರೆ ಕೊಟ್ಟು ನೋಡುವ ಸಂಶೋಧನೆ ಅದು. ಕಲ್ಲು ಒಡೆದವರು, ಟೈಲ್ಸ್ ಕೊಯ್ದವರು, ಪಾಲಿಶ್ ಮಾಡಿದವರು. ಮೂರು ತಿಂಗಳಿಗೊಮ್ಮೆ ಬಂದು ಮೂವತ್ತು ಮೀಟರ್ ಉದ್ದದ ಕಾರಿಡಾರಿನಲ್ಲಿ ಆರು ನಿಮಿಷ ನಡೆಯಬೇಕು. ಎರಡು ತುದಿಗೂ ಒಂದೊಂದು ಕಿತ್ತಳೆ ಬಣ್ಣದ ಕೋನ್, ಮಧ್ಯೆ ಸುಸ್ತಾದವರಿಗೆ ಕುರ್ಚಿ, ಅವಳ ಕುತ್ತಿಗೆಯಲ್ಲಿ ಗಡಿಯಾರ. ಎಷ್ಟು ಸಲ ದಾಟಿದರು ಎಂದು ಎಣಿಸಿ ಮೂವತ್ತರಿಂದ ಗುಣಿಸಿ, ಕೊನೆಗೆ ಅರ್ಧಕ್ಕೆ ನಿಂತ ಮೀಟರುಗಳನ್ನು ಸೇರಿಸಿದರೆ ಮುಗಿಯಿತು. ಉಸಿರು ಎಷ್ಟು ಉಳಿದಿದೆ ಎನ್ನುವುದನ್ನು ಕಾಲು ಹೇಳುತ್ತಿತ್ತು. ಅವರು ನಡೆಯುವಾಗ ಅವಳು ಕಾರ್ಡಿನಲ್ಲಿ ಬರೆದಿದ್ದನ್ನು ಬಿಟ್ಟು ಒಂದಕ್ಷರ ಆಡುವಂತಿರಲಿಲ್ಲ. "ಚೆನ್ನಾಗಿ ನಡೀತಿದ್ದೀರಿ, ಇನ್ನು ಐದು ನಿಮಿಷ ಇದೆ." ಅಷ್ಟೇ. ಇನ್ನೂ ಸ್ವಲ್ಪ ಬೇಗ ಎಂದು ಹುರಿದುಂಬಿಸಿದರೆ ಲೆಕ್ಕ ಕೆಡುತ್ತದಂತೆ. ನಿಂತಲ್ಲಿ ನಿಲ್ಲದ, ಬಾಯಿ ಸುಮ್ಮನಿಡಲಾಗದ ಇಂಥ ಹೆಂಗಸಿಗೆ ದೇವರು ಹುಡುಕಿ ಹುಡುಕಿ ಇದೇ ಕೆಲಸ ಕೊಟ್ಟಿದ್ದ.

ಮೊದಲು ಅವಳು ವಾರ್ಡಿನಲ್ಲಿ ನರ್ಸ್ ಆಗಿದ್ದಳು. ಅತ್ತೆ ಹಾಸಿಗೆ ಹಿಡಿದ ಮೇಲೆ ರಾತ್ರಿ ಪಾಳಿ ಬಿಟ್ಟು ಪ್ರಾಜೆಕ್ಟಿಗೆ ಸೇರಿದಳು. ಅತ್ತೆ ತೀರಿಕೊಂಡು ಎಂಟು ವರ್ಷವಾಯಿತು, ಅವಳು ಮಾತ್ರ ಪ್ರಾಜೆಕ್ಟಿನಲ್ಲೇ ಉಳಿದಳು. ಪ್ರಾಜೆಕ್ಟ್ ಎಂದರೆ ಸರ್ಕಾರ ವರ್ಷ ವರ್ಷ ಕೊಡುವ ಉಸಿರು. ಪ್ರತಿ ವರ್ಷದ ಕೊನೆಯಲ್ಲಿ ಮುಂದಿನ ವರ್ಷದ ಆದೇಶ ಬರುತ್ತದೋ ಇಲ್ಲವೋ ಎಂದು ಬಾಗಿಲು ನೋಡುತ್ತ ಕೂರಬೇಕು. ಅವಳು ಕೂರುತ್ತಿರಲಿಲ್ಲ, ಓಡಾಡುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಎರಡು ಪ್ರಾಜೆಕ್ಟ್ ಅವಳ ಕಣ್ಣೆದುರೇ ಕಣ್ಣು ಮುಚ್ಚಿದ್ದವು. ಒಂದಕ್ಕೆ ಮೇಲಿನವರ ಆಸಕ್ತಿ ಬದಲಾಯಿತು, ಇನ್ನೊಂದಕ್ಕೆ ಕಾರಣವನ್ನೂ ಯಾರೂ ಹೇಳಲಿಲ್ಲ. ಆ ರೋಗಿಗಳ ಪುಸ್ತಕಗಳು ಈಗಲೂ ಮೆಟ್ಟಿಲ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದಿದ್ದವು.

ಈ ಮೂರನೆಯದನ್ನು ಕಟ್ಟಿದ್ದು ಡಾಕ್ಟರಮ್ಮ. ರೋಗಿಯ ಎದೆಗೆ ಕಿವಿಗೊಟ್ಟಿದ್ದಕ್ಕಿಂತ ಅರ್ಜಿ ಬರೆದದ್ದೇ ಹೆಚ್ಚು ಎಂದು ತನ್ನನ್ನು ತಾನೇ ಬೈದುಕೊಳ್ಳುವ ಹೆಂಗಸು. ಅವರ ಕೈಕೆಳಗೆ ಮೂವರು ಸಂಶೋಧಕರಿದ್ದರು. ಏಳು ತಿಂಗಳು ಸಂಬಳ ಬರದಿದ್ದಾಗ ಇಬ್ಬರು ಹೇಳದೆ ಕೇಳದೆ ಬೇರೆ ದಾರಿ ನೋಡಿಕೊಂಡರು. ಉಳಿದವಳೊಬ್ಬಳು ಮದುವೆಯನ್ನು ಎರಡು ಸಲ ಮುಂದೂಡಿ ಹಲ್ಲುಕಚ್ಚಿ ಕೂತಿದ್ದಳು. ಈಗ ಎರಡು ವರ್ಷ ಮುಗಿದಿತ್ತು. ಮೂರನೆಯ ವರ್ಷದ ಹಣ ಬರಬೇಕಾದರೆ ಸಮಿತಿ ಬಂದು ನೋಡಿ ಒಪ್ಪಬೇಕಿತ್ತು. ಷರತ್ತು ಒಂದೇ. ಮಾತ್ರೆ ಇಲ್ಲದಿದ್ದರೆ ಇಂಥ ರೋಗಿಗಳ ನಡಿಗೆ ವರ್ಷಕ್ಕೆ ಮೂವತ್ತು ಮೀಟರ್ ಇಳಿಯುತ್ತದೆ, ಮಾತ್ರೆ ತಿಂದವರದ್ದು ಹತ್ತಕ್ಕಿಂತ ಹೆಚ್ಚು ಇಳಿದಿರಬಾರದು. ಅವಳ ಪುಸ್ತಕದ ಪ್ರಕಾರ ಇಳಿದಿದ್ದು ಮೂರೇ ಮೀಟರ್. ಡಾಕ್ಟರಮ್ಮ ಆ ಮೂರನ್ನು ಕೇಳಿದ ದಿನ ಎಲ್ಲರಿಗೂ ತಾವೇ ಕೈಯಾರೆ ಕಾಫಿ ಮಾಡಿ ಕೊಟ್ಟಿದ್ದರು.

ಸಮಿತಿ ಬರುವುದು ಶುಕ್ರವಾರ. ಸೋಮವಾರ ಒಂದು ನಮೂನೆ ಬಂತು. ನಡಿಗೆಯ ಜಾಗ ಮೂವತ್ತು ಮೀಟರ್ ಇದೆ ಎಂದು ಅಳೆದವರು ಸಹಿ ಹಾಕಬೇಕು. ಇದ್ಯಾವ ದೊಡ್ಡ ವಿಷಯ ಎಂದು ಅವಳು ಉಗ್ರಾಣಕ್ಕೆ ಹೋಗಿ ಟೇಪ್ ಕೇಳಿದಳು. ಉಗ್ರಾಣದವನು ಹೊಸದೊಂದನ್ನು ಕೊಟ್ಟ. ಸಂಶೋಧಕ ಹುಡುಗಿ ಒಂದು ತುದಿ ಹಿಡಿದಳು, ಇವಳು ಇನ್ನೊಂದು ತುದಿ ಎಳೆದುಕೊಂಡು ಹೋದಳು. ಕೋನ್ ಹತ್ತಿರ ಬಂದಾಗ ಟೇಪು ಇಪ್ಪತ್ತೊಂಬತ್ತು ಎಂದಿತು. ಮತ್ತೆ ಅಳೆದಳು. ಟೇಪಿಗೇನೂ ನಾಚಿಕೆ ಇರಲಿಲ್ಲ, ಮೂರನೆಯ ಸಲವೂ ಅದನ್ನೇ ಹೇಳಿತು.

ಮರುಗಳಿಗೆಯೇ ಅವಳಿಗೆ ಎಲ್ಲ ಹೊಳೆದುಹೋಯಿತು. ಉಗ್ರಾಣದ ಹಳೆಯ ಟೇಪಿನ ತುದಿ ಯಾವಾಗಲೋ ಕಿತ್ತುಹೋಗಿತ್ತು. ಹೊಸದು ತರಿಸಲು ಮೂರು ಸಹಿ ಬೇಕು ಎಂದು ಉಗ್ರಾಣದವನು ಮೊದಲ ಒಂದು ಮೀಟರನ್ನು ಕತ್ತರಿಸಿ ಎಸೆದು, ಉಳಿದದ್ದಕ್ಕೆ ಒಂದು ಬೀಗದ ಕೈ ಉಂಗುರ ಹೊಲಿದಿದ್ದ. ಹಾಗಾಗಿ ಆ ಟೇಪು ಶುರುವಾಗುತ್ತಿದ್ದದ್ದೇ ಒಂದರಿಂದ. ಪರದೆ ಅಳೆಯಲಿ, ಮಂಚ ಅಳೆಯಲಿ, ಬಂದ ಅಳತೆಯಲ್ಲಿ ಒಂದು ಕಳೆಯಬೇಕು ಎನ್ನುವುದು ಆಸ್ಪತ್ರೆಯಲ್ಲಿ ಕಸ ಗುಡಿಸುವವರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಮೊದಲ ವರ್ಷ ಹಳೆಯ ಸಿಮೆಂಟ್ ನೆಲದ ಮೇಲೆ ಗುರುತು ಹಾಕುವಾಗ ಸರಿಯಾಗಿ ಮೂವತ್ತೊಂದರವರೆಗೆ ಎಳೆದಿದ್ದಳು. ಆಮೇಲೆ ಯಾರಿಗೋ ಉತ್ಸಾಹ ಬಂದು ಕಾರಿಡಾರಿಗೆಲ್ಲ ಟೈಲ್ಸ್ ಹಾಕಿಸಿದರು, ಗುರುತು ಅಡಿಯಲ್ಲಿ ಹೂತುಹೋಯಿತು. ಹೊಸ ಗುರುತು ಹಾಕುವ ದಿನ ಆರು ಜನ ರೋಗಿಗಳು ಆಗಲೇ ಬಂದು ಕೂತಿದ್ದರು, ಬಣ್ಣದವನು ಬ್ರಷ್ ಹಿಡಿದು ಅವಸರ ಮಾಡುತ್ತಿದ್ದ. ಮೂವತ್ತು ಕಾಣುತ್ತಲೇ ಅವಳು ಇಲ್ಲೇ ಹಾಕಪ್ಪ ಎಂದುಬಿಟ್ಟಿದ್ದಳು.

ಎರಡನೆಯ ವರ್ಷದ ಇಡೀ ನಡಿಗೆ ಸುಳ್ಳಾಗಿತ್ತು. ಅವಳು ಕೈಯಲ್ಲೇ ಲೆಕ್ಕ ಹಾಕಿದಳು. ಒಬ್ಬೊಬ್ಬರು ಸುಮಾರು ಹನ್ನೆರಡು ಸಲ ದಾಟಿದ್ದರು, ಪ್ರತಿ ಸಲಕ್ಕೂ ಒಂದು ಮೀಟರ್ ಹೆಚ್ಚು ಬರೆದಂತಾಗಿತ್ತು. ಇಳಿದಿದ್ದು ಮೂರಲ್ಲ, ಹದಿನೈದು.

ಯಾರಿಗೂ ಹೇಳಬೇಡ ಎಂದು ಹುಡುಗಿಯ ಕೈ ಹಿಡಿದುಕೊಂಡಳು. ಆ ಸಂಜೆ ಮನೆಯಲ್ಲಿ ಅಡುಗೆಮನೆಗೂ ಬಾಗಿಲಿಗೂ ಎಷ್ಟು ಸಲ ಓಡಾಡಿದಳೆಂದರೆ, ಗಂಡ ಬಿಚ್ಚಿಟ್ಟ ಯಂತ್ರದಿಂದ ತಲೆಯೆತ್ತಿ, ಆಸ್ಪತ್ರೆಯ ನಡಿಗೆ ಮನೆಗೂ ಬಂತಾ ಎಂದು ಕೇಳಿದ. ಅವಳು ಎಲ್ಲವನ್ನೂ ಹೇಳಿದಳು. ಅವನು ಕೈಗೆ ಮೆತ್ತಿದ ಎಣ್ಣೆ ಒರೆಸಿಕೊಂಡ.

"ಒಂದು ಮೀಟರ್ ತಾನೆ. ಯಾರು ಬಂದು ಅಳೀತಾರೆ?"

"ನಾನು ಅಳೆದಿದ್ದೀನಲ್ಲ."

"ನಲವತ್ತು ಜನರ ಬಾಯಿಂದ ಮಾತ್ರೆ ಕಿತ್ಕೊಂಡು ನಿನಗೇನು ಸಿಗುತ್ತೆ?"

ಪಾತ್ರೆ ತೊಳೆಯುವಾಗಲೂ ಅವಳು ಆ ಮಾತನ್ನೇ ತಿರುವಿ ಹಾಕಿದಳು. ಸಹಿ ಹಾಕಿದರೆ ಯಾರಿಗೆ ನಷ್ಟ? ಮಾತ್ರೆ ಮುಂದುವರಿಯುತ್ತದೆ, ಡಾಕ್ಟರಮ್ಮನಿಗೆ ಮರ್ಯಾದೆ, ಹುಡುಗಿಗೆ ಮದುವೆ, ತನಗೂ ಕೆಲಸ. ಹಾಕದಿದ್ದರೆ ಎಲ್ಲರ ಹೊಟ್ಟೆಯ ಮೇಲೂ ಹೊಡೆದ ಹಾಗೆ. ಆದರೆ ಸಹಿ ಹಾಕಿದ ಮೇಲೆ ಮೂರೇ ಮೀಟರ್ ಎನ್ನುವ ಲೆಕ್ಕ ಪುಸ್ತಕದಲ್ಲಿ ಅಚ್ಚಾಗುತ್ತದೆ. ಎಲ್ಲೋ ಕೂತ ಯಾವನೋ ಡಾಕ್ಟರು ಅದನ್ನು ನಂಬಿ, ಇದಕ್ಕೆ ಮದ್ದು ಸಿಕ್ಕಾಯಿತು, ಇನ್ನು ಹುಡುಕುವುದು ಬೇಡ ಎನ್ನುತ್ತಾನೆ. ತಾನು ಮುಖವನ್ನೂ ನೋಡದ ಸಾವಿರಾರು ಜನ ಕೆಮ್ಮುತ್ತ ಅದನ್ನೇ ನುಂಗುತ್ತಾರೆ. ಜೊತೆಗೇ ಅವಳಿಗೆ ಸಮಿತಿಯ ಮೇಲೆ ಮೈಯುರಿಯುತ್ತಿತ್ತು. ಆ ಹತ್ತು ಎಲ್ಲಿಂದ ಬಂತು? ಹನ್ನೆರಡು ಯಾಕಲ್ಲ, ಹದಿನಾರು ಯಾಕಲ್ಲ? ಯಾರೋ ಒಬ್ಬ ಊಟದ ಹೊತ್ತಾಯಿತೆಂದು ಬಾಯಿಗೆ ಬಂದ ಅಂಕಿ ಬರೆದಿರಬೇಕು ಎಂದು ಬೈದುಕೊಂಡಳು. ಮಂಗಳವಾರ ಇಡೀ ದಿನ ನಮೂನೆಯನ್ನು ಒಂದು ಖಾನೆಯಿಂದ ಇನ್ನೊಂದಕ್ಕೆ ಇಡುವುದರಲ್ಲೇ ಕಳೆದಳು.

ಬುಧವಾರ ನೆಲದ ಮೇಸ್ತ್ರಿಯ ಸರದಿ. ಮೂವತ್ತು ವರ್ಷ ಊರೂರಿನ ಮನೆಗಳಿಗೆ ಟೈಲ್ಸ್ ಕೂರಿಸಿದ ಮನುಷ್ಯ. ಐವತ್ತೆರಡಕ್ಕೇ ಎಪ್ಪತ್ತರವನ ಹಾಗೆ ಕಾಣುತ್ತಿದ್ದ, ಆದರೆ ನಾಲಿಗೆ ಮಾತ್ರ ಇಪ್ಪತ್ತರದ್ದು. ಮಾತ್ರೆ ಶುರುವಾದ ಮೇಲೆ ಎರಡನೇ ಮಹಡಿಯ ಮಗಳ ಮನೆಗೆ ಎರಡೇ ಕಡೆ ಕೂತು ಹತ್ತುತ್ತೇನೆ, ಮೊದಲು ಐದು ಕಡೆ ಕೂರುತ್ತಿದ್ದೆ ಎಂದು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದ.

ಕೋನ್ ಕೈಗೆತ್ತಿಕೊಂಡ ಅವಳು ಗಳಿಗೆ ಹೊತ್ತು ನಿಂತಳು. ಹಳೆಯ ಗುರುತಿನ ಮೇಲಿಡಬಹುದಿತ್ತು. ಇಡಲು ಬಗ್ಗಿದಳು ಕೂಡ. ಆಮೇಲೆ ಒಂದು ಹೆಜ್ಜೆ ಮುಂದೆ ಹೋಗಿ, ಸೋಮವಾರ ಪೆನ್ಸಿಲ್ಲಿನಲ್ಲಿ ಗೀಚಿದ್ದ ಗೆರೆಯ ಮೇಲೆ ಇಟ್ಟು ಬಂದಳು.

ಮೇಸ್ತ್ರಿ ನಡೆಯತೊಡಗಿದ. ಮೊದಲ ಸಲ ಆ ತುದಿಗೆ ಹೋದಾಗ ಹಳೆಯ ಗುರುತಿನ ಮೇಲೆ ಅವನ ಹೆಜ್ಜೆ ತಡೆಯಿತು. ಕೋನ್ ನೋಡಿದ, ಹಿಂತಿರುಗಿ ಅವಳ ಮುಖ ನೋಡಿದ, ಮುಂದೆ ಹೋಗಿ ತಿರುಗಿದ. ಅವಳು ಕಾರ್ಡಿನ ಮಾತುಗಳನ್ನು ಓದುತ್ತ ಹೋದಳು. ನಾಲ್ಕನೆಯ ನಿಮಿಷಕ್ಕೆ ಅವನ ತುಟಿ ನೀಲಿಯಾಗಿತ್ತು, ಆದರೂ ಕುರ್ಚಿಯಲ್ಲಿ ಕೂರಲಿಲ್ಲ. ಆರು ನಿಮಿಷಕ್ಕೆ ಮುನ್ನೂರ ಹದಿನಾಲ್ಕು ಮೀಟರ್. ಹೋದ ಸಲ ಅವಳು ಬರೆದಿದ್ದು ಮುನ್ನೂರ ಮೂವತ್ತು.

ಉಸಿರು ಹಿಡಿತಕ್ಕೆ ಬರಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಆಮೇಲೆ ನೆಲ ನೋಡುತ್ತಲೇ ಕೇಳಿದ.

"ಯಾಕಕ್ಕ ಸರಿ ಮಾಡಿಬಿಟ್ರಿ?"

ಅವಳು ಕೋನಿನತ್ತ ತಿರುಗುವಷ್ಟರಲ್ಲಿ ಅವನೇ ಮುಂದುವರಿಸಿದ.

"ನಲವತ್ತೆಂಟು ಟೈಲ್ಸು, ಮೇಲೊಂದು ಗೇಣು. ಇವು ಅರವತ್ತು ಸೆಂಟಿಮೀಟರಿನವು. ಮೂವತ್ತು ಮೀಟರ್‌ಗೆ ಸರಿಯಾಗಿ ಐವತ್ತು ಬೇಕು. ಹೊಸ ನೆಲದ ಮೇಲೆ ನಡೆದ ಮೊದಲ ದಿನಾನೇ ಎಣಿಸಿದ್ದೆ."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ನಮಗೋಸ್ಕರ ಬೇಕಂತಲೇ ಮಾಡಿದ್ದೀರಿ ಅಂದ್ಕೊಂಡೆ. ಇಷ್ಟು ಒಳ್ಳೆ ಹೆಂಗಸಿಗೆ ನಮ್ಮಿಂದ ತೊಂದರೆ ಆಗಬಾರದು, ಯಾರೂ ಬಾಯಿ ಬಿಡಬೇಡಿ ಅಂತ ಎಲ್ಲರ ಹತ್ರನೂ ಮಾತು ತಗೊಂಡಿದ್ದೀನಿ."

ಅಷ್ಟು ದಿನ ತಡೆದಿದ್ದ ಅಳು ಅಲ್ಲೇ ಬಂದುಬಿಟ್ಟಿತು. ತಪ್ಪು ಸಿಕ್ಕಿಬಿದ್ದದ್ದಕ್ಕಲ್ಲ. ತಾನು ಮಾಡಿರದ ಒಂದು ಉಪಕಾರವನ್ನು ನಲವತ್ತು ಜನ ಒಂದು ವರ್ಷ ಕಾಪಾಡಿಕೊಂಡು ಬಂದಿದ್ದರು. ಇವತ್ತು ಅವರ ಕಣ್ಣಲ್ಲಿ ತಾನು ಅದನ್ನು ವಾಪಸ್ಸು ಕಿತ್ತುಕೊಂಡವಳು.

ಮೇಸ್ತ್ರಿಯನ್ನು ಕಳಿಸಿ ಅವಳು ನೇರ ಡಾಕ್ಟರಮ್ಮನ ಕೋಣೆಗೆ ಹೋದಳು. ಮೇಜಿನ ಮೇಲೆ ಶುಕ್ರವಾರದ ವರದಿ ದಾರ ಕಟ್ಟಿಸಿಕೊಂಡು ತಯಾರಾಗಿತ್ತು. ಟೇಪು, ಉಂಗುರ, ಬಣ್ಣದವನು ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಒಂದು ಲಕೋಟೆಯ ಹಿಂದೆ ಲೆಕ್ಕ ಹಾಕಿ, ಕೆಳಗೆ ಹದಿನೈದು ಎಂದು ಬರೆದು, ಅದರ ಮೇಲೆ ಪೆನ್ನಿಟ್ಟರು.

"ಇದು ಇನ್ನು ಯಾರಿಗೆ ಗೊತ್ತು?"

"ರೋಗಿಗಳಿಗೆಲ್ಲ ಗೊತ್ತು, ಮೇಡಂ. ನಮಗಿಬ್ಬರಿಗೇ ಗೊತ್ತಿರಲಿಲ್ಲ."

ಡಾಕ್ಟರಮ್ಮನಿಗೆ ನಗು ಬಂತು, ನಗುತ್ತಲೇ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಬೈಯುತ್ತಾರೆಂದು ಅವಳು ಕಾದಳು. ಅವರು ಬೈಯಲಿಲ್ಲ, ಅದರಿಂದಲೇ ಹೆಚ್ಚು ನೋವಾಯಿತು. ದಾರ ಬಿಚ್ಚಿ, ಅಳತೆಯ ತಪ್ಪನ್ನು ಒಂದು ಪುಟದಲ್ಲಿ ಬರೆದು ವರದಿಯ ಎಲ್ಲಕ್ಕಿಂತ ಮೇಲೆ ಸೇರಿಸಿದರು. ಇಬ್ಬರೂ ಸಹಿ ಹಾಕಿದರು.

ಸಮಿತಿಯವರು ಬಂದರು, ಕಾರಿಡಾರ್ ನೋಡಿದರು, ಮಾತ್ರೆಯಿಂದ ಇಳಿತ ಅರ್ಧಕ್ಕರ್ಧ ತಗ್ಗಿದೆಯಲ್ಲ ಎಂದು ಡಾಕ್ಟರಮ್ಮ ವಾದಿಸಿದ್ದನ್ನು ತಲೆದೂಗುತ್ತ ಕೇಳಿದರು. ಮೂರು ವಾರಕ್ಕೆ ಪತ್ರ ಬಂತು. ಮೊದಲ ಸಾಲಿನಲ್ಲಿ ಪ್ರಾಮಾಣಿಕತೆಗೆ ಮೆಚ್ಚುಗೆ, ಎರಡನೆಯದರಲ್ಲಿ ವಿಷಾದ. ಹುಡುಗಿ ಔಷಧದ ಕಂಪನಿಯೊಂದಕ್ಕೆ ಸೇರಿದಳು. ಡಾಕ್ಟರಮ್ಮ ಮತ್ತೊಂದು ಅರ್ಜಿ ಬರೆಯತೊಡಗಿದರು, ಆದರೆ ಅದು ಬೇಯಲು ಎರಡು ವರ್ಷವಾದರೂ ಬೇಕು. ಇದ್ದಬದ್ದ ಮಾತ್ರೆಗಳನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ನಲವತ್ತೈದು ದಿನಕ್ಕೆ ಆಗುತ್ತಿತ್ತು. ಅವನ್ನು ಕೊಟ್ಟು ವಿಷಯ ಹೇಳುವ ಕೆಲಸ ಆರು ನಿಮಿಷದಕ್ಕನ ಪಾಲಿಗೆ ಬಂತು. ಇದಕ್ಕೆ ಕಾರ್ಡಿನಲ್ಲಿ ಯಾವ ಮಾತೂ ಬರೆದಿರಲಿಲ್ಲ.

ಮೇಸ್ತ್ರಿ ಬಂದು ಕುರ್ಚಿಯಲ್ಲಿ ಕೂತ. ಅವಳು ಎದುರಿಗೆ ಕೂತಳು, ಎದ್ದಳು, ಮತ್ತೆ ಕೂತಳು. ನಾನು ಸುಮ್ಮನಿದ್ದಿದ್ದರೆ ನಿಮಗೆ ಇನ್ನೊಂದು ವರ್ಷ ಸಿಗುತ್ತಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಬೈದುಬಿಡಿ ಎಂದೂ ಹೇಳಿದಳು. ಅವನು ಮಾತ್ರೆಯ ಪೊಟ್ಟಣವನ್ನು ಅಂಗಿಯ ಜೇಬಿಗಿಟ್ಟುಕೊಂಡು, ಜೇಬಿನ ಮೇಲೆ ಕೈಯಿಟ್ಟುಕೊಂಡ.

"ಅದೆಲ್ಲ ಇರಲಿ. ನಿಜ ಹೇಳಿ, ಈ ಮಾತ್ರೆ ಕೆಲಸ ಮಾಡ್ತಿತ್ತಾ, ಇಲ್ವಾ?"

"ಸ್ವಲ್ಪ ಮಾಡ್ತಿತ್ತು. ಅವರು ಕೇಳಿದಷ್ಟು ಮಾಡಲಿಲ್ಲ."

ಮೇಸ್ತ್ರಿ ಕಾರಿಡಾರಿನ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದ.

"ನನಗೆ ಆ ಸ್ವಲ್ಪ ಸಾಕಾಗಿತ್ತಲ್ಲಕ್ಕ."