ಲೆಕ್ಕಕ್ಕೆ ಹಿಡಿಯದ ಕೂಸು

ಉಮಾದೇವಿ ಗೋರಂಟ್ಲದವಳು, ಕಲ್ಯಾಣದುರ್ಗದ ಶೇಂಗಾ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಹೋಗಿ, ನಡುಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಹೆರಿಗೆ ಹಿಂದೂಪುರದ ಖಾಸಗಿ ಆಸ್ಪತ್ರೆಯಲ್ಲಾಯಿತು. ಕೂಸು ಗಟ್ಟಿಯಾಗಿ ಅತ್ತಿತು, ಹಾಲಿಗೆ ಬಾಯಿ ಹಾಕಿತು. ಮರುದಿನ ನೋಡಿದರೆ ಹೊಟ್ಟೆಯ ಮೇಲೆ ರಾಗಿ ಚೆಲ್ಲಿದಂತೆ ಕೆಂಪು ಚುಕ್ಕೆಗಳು. ಸೂಜಿ ಚುಚ್ಚಿದ ಕಡೆ ರಕ್ತ ನಿಲ್ಲಲೊಲ್ಲದು.

ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ತೀರ ಕಡಿಮೆ ಇವೆ ಎಂದರು ಮಕ್ಕಳ ಡಾಕ್ಟರ್ ಸ್ನೇಹಲತಾ. ಸೋಂಕಿರಬಹುದೆಂದು ಔಷಧಿ ಶುರುವಾಯಿತು. ಬ್ಲಡ್ ಬ್ಯಾಂಕಿನಿಂದ ತಂದು ಏರಿಸಿದ ಕಣಗಳೂ ಬೇಗನೆ ಕರಗಿಹೋದವು. ಪರೀಕ್ಷೆಯಲ್ಲಿ ಸೋಂಕು ಸಿಗಲಿಲ್ಲ. ತಾಯಿಯ ಪ್ಲೇಟ್‌ಲೆಟ್ ಸರಿಯಾಗಿಯೇ ಇತ್ತು.

“ಇದು ಮೊದಲನೇ ಕಾನ್ಪು, ಮೊದಲ ಹೆರಿಗೆ ತಾನೇ?” ಡಾಕ್ಟರ್ ಮತ್ತೆ ಕೇಳಿದರು.

“ಔನು ಮೇಡಂ, ಮೊದಲ್ನೇದೇ,” ಎಂದಳು ಅತ್ತೆ ಸರ್ವಮಂಗಳಮ್ಮ.

ಆ ಮನೆಯಲ್ಲಿ ತೀರಿಕೊಂಡ ಹಸುಗೂಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ಕೂಸಿನ ಎದುರು ಅದರ ಮಾತೆತ್ತಿದರೆ, ಹೋದದ್ದು ಇದನ್ನೂ ಕರೆಯುತ್ತದೆಂಬ ಭಯ. ಮೊದಲನೆಯದನ್ನು ಮಣ್ಣು ಮಾಡಿ ಬಂದಮೇಲೆ ಉಮಾದೇವಿಯ ಹತ್ತಿರ ಯಾರೂ ಅದರ ಸುದ್ದಿ ತೆಗೆದಿರಲಿಲ್ಲ. ಗಂಡ ಕೊಟ್ರೇಶ್ ಕೂಡ.

ಡಾಕ್ಟರ್ ಹೊರಟರು. ಉಮಾದೇವಿ ಮಂಚದಿಂದ ಇಳಿದಳು.

“ಎಲ್ಲಿಗೆ ಹೋಯ್ತೀಯ? ಬಾಯಿ ಮುಚ್ಕೊಂಡು ಮಲಕ್ಕೋ. ಕತ್ತರಿಗಿಂತ ನಿನ್ನ ನಾಲಿಗೇನೇ ಹರಿತ ಕಣಮ್ಮ!”

“ಕೂಸು ಉಳೀಬೇಕಲ್ಲ ಅತ್ತೆ,” ಅಂದವಳೇ ಬಾಗಿಲಲ್ಲಿ ಡಾಕ್ಟರನ್ನು ತಡೆದಳು. “ಮೇಡಂ, ಇದಕ್ಕೆ ಮುಂಚೆ ಒಂದು ಗಂಡುಕೂಸು ಹುಟ್ಟಿತ್ತು. ಅದರ ಮೈಮೇಲೂ ಇಂಥವೇ ಚುಕ್ಕೆ. ಮೂಗಲ್ಲಿ ರಕ್ತ ಬಂದು ಹೋಗ್ಬುಡ್ತು.”

ಡಾಕ್ಟರಿಗೆ ದಾರಿ ಸಿಕ್ಕಿತು. ಕೂಸಿನ ಕಣಗಳ ಗುಣ ತಂದೆಯಿಂದ ಬಂದದ್ದು. ತಾಯಿಯ ಮೈ ಅದನ್ನು ಹೊರಗಿನದೆಂದು ಬಗೆದು, ಗರ್ಭದಲ್ಲಿದ್ದಾಗಲೇ ಅದರ ಮೇಲೆ ಪ್ರತಿಕಾಯಗಳನ್ನು ಬಿಟ್ಟಿರಬೇಕು. ಯಾರ ತಪ್ಪೂ ಅಲ್ಲವೆಂದು ಬಿಡಿಸಿ ಹೇಳಿದರು. ಸರ್ವಮಂಗಳಮ್ಮನ ಕಿವಿಗೆ ಬಿದ್ದದ್ದು ‘ತಾಯಿಯ ಮೈ’ ಎಂಬುದಷ್ಟೇ. ಸಂಜೆಯ ಬಸ್ಸಿಗೆ ಅವಳು ಕಲ್ಯಾಣದುರ್ಗಕ್ಕೆ ಹೊರಟುಹೋದಳು.

ಆ ದಾಳಿಯನ್ನು ತಡೆಯುವ ಇಮ್ಯುನೊಗ್ಲಾಬ್ಯುಲಿನ್ ಮದ್ದು ಹನಿಹನಿಯಾಗಿ ಇಳಿಯಿತು, ಜೊತೆಗೆ ಮತ್ತೆ ಪ್ಲೇಟ್‌ಲೆಟ್. ತಲೆಯ ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಈ ಸಲ ಏರಿಸಿದ ಕಣಗಳು ಕರಗದೆ ಉಳಿದವು.

ರೋಗ ಖಚಿತಪಡಿಸಿಕೊಳ್ಳಲು ಗಂಡಹೆಂಡಿರಿಬ್ಬರ ರಕ್ತವೂ ಬೆಂಗಳೂರಿಗೆ ಹೋಗಬೇಕಿತ್ತು. ಕೊಟ್ರೇಶ್ ಬಂದು ರಕ್ತ ಕೊಟ್ಟು, ಮಕ್ಕಳ ಐಸಿಯುವಿನ ಗಾಜಿನಾಚೆಯಿಂದ ಕೂಸನ್ನು ನೋಡಿದ.

“ಅಮ್ಮ ಬ್ಯಾಡ ಅಂದಿದ್ಲಂತೆ.”

“ಅಂದಿದ್ರು.”

“ಆದ್ರೂ ಹೇಳ್ಬುಟ್ಟೆ.”

“ಹೇಳ್ದೆ.”

ಅವನು ಅಂಗಿಯ ತೋಳು ಇಳಿಸಿಕೊಂಡ. “ಅಂಗಡೀಲಿ ಯಾರೂ ಇಲ್ಲ. ಬತ್ತೀನಿ.”

ಮೊದಲ ಕೂಸಿನ ಬಗ್ಗೆ ಗಂಡಹೆಂಡಿರು ಇಷ್ಟಾದರೂ ಮಾತಾಡಿದ್ದು ಅದೇ ಮೊದಲು. ಅವನು ಮೆಟ್ಟಿಲಿಳಿಯುವವರೆಗೂ ನಿಂತಿದ್ದು, ನರ್ಸ್ ಕರೆದಾಗ ಉಮಾದೇವಿ ಹಾಲೂಡಿಸಲು ಒಳಗೆ ಹೋದಳು.